ಜಲೋದರದ ನೀರಿಗೆ ಸೋಂಕು ತಗುಲಿದಾಗ

ಯಕೃತ್ತಿನ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬುವ ಸ್ಥಿತಿಯನ್ನು ನಮ್ಮ ಪ್ರಾಚೀನ ವೈದ್ಯರು ಜಲೋದರವೆಂದು ಕರೆದರು. ‘ಹೊಟ್ಟೆಗೆ ನೀರು ಬಂದಿದೆ’ ಎಂದು ಹಳ್ಳಿಯ ಜನ ಇಂದಿಗೂ ಹೇಳುತ್ತಾರೆ. ಉಬ್ಬಿದ ಹೊಟ್ಟೆ, ಏದುಸಿರು, ಕಾಲಿನ ಬಾವು ಎಲ್ಲರ ಕಣ್ಣಿಗೂ ಕಾಣುವಂಥವು. ಆದ್ದರಿಂದ ಮನೆಯವರ ಗಮನವೆಲ್ಲ ನೀರು ಹೆಚ್ಚಿತೇ, ಇಳಿಯಿತೇ ಎಂಬುದರ ಮೇಲೆಯೇ ನಿಂತಿರುತ್ತದೆ. ಆದರೆ ಅನೇಕ ರೋಗಿಗಳ ಪ್ರಾಣಕ್ಕೆ ಸಂಚಕಾರ ತರುವುದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಆ ನೀರಿನೊಳಗೆ ಸದ್ದಿಲ್ಲದೆ ಹುಟ್ಟುವ ಸೋಂಕು. ಈ ಸೋಂಕನ್ನು ಅಂದೇ ಗುರುತಿಸಿದರೆ ಬಹುಪಾಲು ಜನರನ್ನು ಉಳಿಸಿಕೊಳ್ಳಬಹುದು. ಎರಡು ದಿನ ಮನೆಯಲ್ಲಿ ಕಾದರೆ ಉಳಿಸಿಕೊಳ್ಳುವುದು ಕಷ್ಟ. ಜಲೋದರದ ರೋಗಿಯಿರುವ ಪ್ರತಿಯೊಂದು ಮನೆಯವರೂ ಈ ವಿಷಯವನ್ನು ತಿಳಿದಿರಬೇಕು.

ಹೊಟ್ಟೆಯಲ್ಲಿ ನೀರು ತುಂಬುವುದೇಕೆ?

ಯಕೃತ್ತು ಶರೀರದ ಒಳಗಿನ ಅತಿ ದೊಡ್ಡ ಗ್ರಂಥಿ. ಪ್ರೌಢರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋ. ಕರುಳಿನಿಂದ ಬರುವ ರಕ್ತವೆಲ್ಲ ಒಂದು ದೊಡ್ಡ ಸಿರೆಯ ಮೂಲಕ ಯಕೃತ್ತನ್ನು ಹೊಕ್ಕು, ಅಲ್ಲಿ ಶುದ್ಧಗೊಂಡು ಹೃದಯದ ಕಡೆಗೆ ಸಾಗುತ್ತದೆ. ವರ್ಷಗಟ್ಟಲೆ ಗಾಯಗೊಳ್ಳುತ್ತಾ ಮಾಯುತ್ತಾ ಬಂದ ಯಕೃತ್ತು ಕ್ರಮೇಣ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಈ ಸ್ಥಿತಿಯೇ ಸಿರೋಸಿಸ್. ಗಟ್ಟಿಯಾದ ಯಕೃತ್ತಿನೊಳಗೆ ರಕ್ತ ಸರಾಗವಾಗಿ ಹರಿಯದೆ ಹಿಂದಿನ ಸಿರೆಗಳಲ್ಲಿ ಒತ್ತಡ ಏರುತ್ತದೆ. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಸಸಾರಜನಕವನ್ನು ತಯಾರಿಸುವ ಶಕ್ತಿಯೂ ಯಕೃತ್ತಿಗೆ ಕುಂದುತ್ತದೆ. ಮೂತ್ರಪಿಂಡಗಳು ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ಈ ಮೂರೂ ಸೇರಿ ಉದರದ ಅವಕಾಶದಲ್ಲಿ ನೀರು ಸಂಗ್ರಹವಾಗುತ್ತದೆ.

ಸಿರೋಸಿಸ್ ಎಂದೊಡನೆ ಮದ್ಯಪಾನವೆಂದೇ ಜನ ಭಾವಿಸುತ್ತಾರೆ. ಮದ್ಯ ಇದಕ್ಕೆ ದೊಡ್ಡ ಕಾರಣವೆಂಬುದು ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಸಕ್ಕರೆ ಕಾಯಿಲೆ ಹಾಗೂ ಸ್ಥೂಲಕಾಯದೊಂದಿಗೆ ಬರುವ ಕೊಬ್ಬಿನ ಯಕೃತ್ತು, ಕೆಲವು ಆನುವಂಶಿಕ ದೋಷಗಳು, ಶರೀರದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವ ರೋಗಗಳು ಸಹ ಇದೇ ಸ್ಥಿತಿಗೆ ಒಯ್ಯುತ್ತವೆ. ಒಂದು ತೊಟ್ಟು ಮದ್ಯವನ್ನೂ ಮುಟ್ಟದ, ನಿತ್ಯ ಲಿಂಗಪೂಜಾನಿಷ್ಠರಾದ ಸದ್ಭಕ್ತರಿಗೂ ಈ ರೋಗ ಬರಬಹುದು. ‘ಜನ ಏನೆಂದಾರು’ ಎಂಬ ಸಂಕೋಚದಿಂದ ರೋಗವನ್ನು ಮುಚ್ಚಿಟ್ಟುಕೊಳ್ಳುವುದು ಬೇಡ. ಮದ್ಯದಿಂದ ಬಂದದ್ದಾದರೂ ರೋಗಿ ರೋಗಿಯೇ. ಅವನಿಗೆ ಚಿಕಿತ್ಸೆ ದೊರೆಯಬೇಕು.

ಸಂಹಿತೆಗಳು ಕಂಡ ಸತ್ಯ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 13ನೆಯ ಅಧ್ಯಾಯ ಉದರರೋಗಗಳಿಗೆ ಮೀಸಲು. ಅಲ್ಲಿ ಹೇಳಿರುವ ಎಂಟು ಬಗೆಯ ಉದರಗಳಲ್ಲಿ ಜಲೋದರವೂ ಒಂದು. ನೀರು ತುಂಬಿದ ರೋಗಿಗೆ ವಾಂತಿ, ಅತಿಸಾರ, ಬಾಯಾರಿಕೆ, ಉಸಿರಾಟದ ಕಷ್ಟ, ದೌರ್ಬಲ್ಯ, ಮೂತ್ರ ಕಟ್ಟುವುದು ಮುಂತಾದ ಉಪದ್ರವಗಳು ಸೇರಿಕೊಂಡರೆ ರೋಗವು ಚಿಕಿತ್ಸೆಯ ಕೈಮೀರಿತೆಂದು ಚರಕಾಚಾರ್ಯರು ಎಚ್ಚರಿಸಿದ್ದಾರೆ. ಉದರದ ಸೋಂಕು ಮೂತ್ರಪಿಂಡಕ್ಕೆ ಹಾನಿ ಮಾಡಿದಾಗ ಆಸ್ಪತ್ರೆಯ ವೈದ್ಯರು ಇಂದು ಆತಂಕದಿಂದ ಗಮನಿಸುವ ಲಕ್ಷಣಗಳೂ ಬಹುಮಟ್ಟಿಗೆ ಇವೇ. ಆ ಕಾಲದಲ್ಲಿ ಅಸಾಧ್ಯವೆನಿಸಿದ್ದು ಇಂದು ಎಷ್ಟೋ ಜನರಲ್ಲಿ ಸಾಧ್ಯವಾಗಿದೆ. ಸಮಯಕ್ಕೆ ಸರಿಯಾಗಿ ಹೋಗಬೇಕಷ್ಟೆ.

ಸುಶ್ರುತಾಚಾರ್ಯರು ನೀರನ್ನು ಹೊರತೆಗೆಯುವ ಕ್ರಮವನ್ನೇ ವಿವರಿಸಿದ್ದಾರೆ. ನಾಭಿಯ ಕೆಳಗೆ ಎಡಭಾಗದಲ್ಲಿ, ರೋಮರೇಖೆಯಿಂದ ನಾಲ್ಕು ಅಂಗುಲ ಬಿಟ್ಟು, ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ನಾಳವನ್ನಿಟ್ಟು ನೀರನ್ನು ಹರಿಸಬೇಕು. ಎಲ್ಲವನ್ನೂ ಒಂದೇ ದಿನ ತೆಗೆಯಬಾರದು. ತೆಗೆದ ಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಕು ಎಂಬುದು ಅವರ ವಿಧಾನ. ಇಂದಿನ ವೈದ್ಯರೂ ಹೆಚ್ಚಾಗಿ ಹೊಟ್ಟೆಯ ಕೆಳಗಿನ ಎಡಭಾಗವನ್ನೇ ಆರಿಸಿಕೊಳ್ಳುತ್ತಾರೆ. ಐದು ಲೀಟರಿಗಿಂತ ಹೆಚ್ಚು ನೀರು ತೆಗೆಯುವಾಗ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಅನ್ನು ಸಿರೆಯ ಮೂಲಕ ಕೊಡುತ್ತಾರೆ. ಒಮ್ಮೆಲೇ ನೀರು ತೆಗೆದರೆ ರೋಗಿ ಕುಸಿಯುತ್ತಾನೆಂಬ ಅನುಭವವೇ ಎರಡು ಕ್ರಮಗಳಿಗೂ ಆಧಾರ. ಆದ್ದರಿಂದ ‘ಹೊಟ್ಟೆಗೆ ಸೂಜಿ ಚುಚ್ಚುವುದು ನಮ್ಮ ಪದ್ಧತಿಯಲ್ಲ’ ಎಂಬ ಮಾತಿಗೆ ಶಾಸ್ತ್ರದ ಬೆಂಬಲವಿಲ್ಲ.

ಸೋಂಕು ಎಲ್ಲಿಂದ ಬರುತ್ತದೆ?

ನಮ್ಮ ಕರುಳಿನಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಾಗಳು ಸದಾ ವಾಸವಾಗಿರುತ್ತವೆ. ಆರೋಗ್ಯವಂತರಲ್ಲಿ ಕರುಳಿನ ಗೋಡೆ ಅವುಗಳನ್ನು ಒಳಗೇ ತಡೆಯುತ್ತದೆ. ತಪ್ಪಿಸಿಕೊಂಡು ರಕ್ತ ಸೇರಿದ ಕೆಲವನ್ನು ಯಕೃತ್ತು ನಾಶಮಾಡುತ್ತದೆ. ಸಿರೋಸಿಸ್ ಇರುವವರಲ್ಲಿ ಗೋಡೆಯೂ ಸಡಿಲ, ಕಾವಲುಗಾರನೂ ದುರ್ಬಲ. ಬ್ಯಾಕ್ಟೀರಿಯಾಗಳು ಕರುಳಿನಿಂದ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಹೊಟ್ಟೆಯ ನೀರಿಗೆ ತಲುಪುತ್ತವೆ. ರೋಗಾಣುವನ್ನು ಎದುರಿಸುವ ಅಂಶಗಳು ಆ ನೀರಿನಲ್ಲಿ ಬಹಳ ಕಡಿಮೆ. ಹೀಗಾಗಿ ಅವು ಅಲ್ಲಿ ನಿರಾತಂಕವಾಗಿ ವೃದ್ಧಿಸುತ್ತವೆ.

ಕರುಳಿನಲ್ಲಿ ತೂತಾಗಲಿ, ಹುಣ್ಣು ಒಡೆದದ್ದಾಗಲಿ ಇಲ್ಲದೆ ತಾನಾಗಿ ಬರುವುದರಿಂದ ವೈದ್ಯರು ಇದನ್ನು ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಪೆರಿಟೊನೈಟಿಸ್ ಎನ್ನುತ್ತಾರೆ. ಆಸ್ಪತ್ರೆಯ ಕಾಗದಗಳಲ್ಲಿ ‘ಎಸ್.ಬಿ.ಪಿ.’ ಎಂದು ಬರೆದಿರುತ್ತಾರೆ. ಅಮೆರಿಕದ ವೈದ್ಯ ಹೆರಾಲ್ಡ್ ಕಾನ್ 1964ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಮೊದಲು ಗುರುತಿಸಿದ ದಿನಗಳಲ್ಲಿ ಈ ಸೋಂಕಿಗೆ ತುತ್ತಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ತೀರಿಕೊಳ್ಳುತ್ತಿದ್ದರು. ಬೇಗ ಪತ್ತೆಹಚ್ಚಿ ಕೂಡಲೇ ಚಿಕಿತ್ಸೆ ಕೊಡುವ ಕ್ರಮ ಬಂದ ಮೇಲೆ ಆ ಸಂಖ್ಯೆ ಸುಮಾರು ಇಪ್ಪತ್ತಕ್ಕೆ ಇಳಿದಿದೆ.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಸಿರೋಸಿಸ್ ರೋಗಿಗಳಲ್ಲಿ ಸೋಂಕು ಬಂದರೂ ಜ್ವರ ಜೋರಾಗಿ ಏರಬೇಕೆಂದೇನೂ ಇಲ್ಲ. ಅವರ ಮೈಬಿಸಿ ಸಹಜವಾಗಿಯೇ ಸ್ವಲ್ಪ ಕಡಿಮೆಯಿರುವುದರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಕೂಡ ಅವರಿಗೆ ದೊಡ್ಡ ಜ್ವರವೇ. ಹೊಟ್ಟೆನೋವು ತೀವ್ರವಾಗಿರದೆ ಸಣ್ಣ ಮಟ್ಟದ ಅಸ್ವಸ್ಥತೆಯಂತೆ ತೋರಬಹುದು. ಕೆಲವರಲ್ಲಿ ಯಾವ ಲಕ್ಷಣವೂ ಕಾಣದೆ ಸೋಂಕು ಮುಂದುವರಿಯುತ್ತದೆ. ಕೆಳಗಿನ ಯಾವುದೇ ಒಂದು ಬದಲಾವಣೆ ಕಂಡರೂ ರೋಗಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು:

• ಚಳಿ, ನಡುಕ, 100 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ
• ಹೊಟ್ಟೆಯಲ್ಲಿ ನೋವು, ಮುಟ್ಟಿದರೆ ನೋವು
• ಹಗಲು ನಿದ್ರೆ, ರಾತ್ರಿ ಎಚ್ಚರ, ಅಸಂಬದ್ಧ ಮಾತು, ಮಂಕು
• ಮೂತ್ರ ಕಡಿಮೆಯಾಗುವುದು
• ಹೊಸದಾಗಿ ವಾಂತಿ ಅಥವಾ ಭೇದಿ
• ಕಾಮಾಲೆ ಹಠಾತ್ತನೆ ಹೆಚ್ಚುವುದು, ಇಳಿಯುತ್ತಿದ್ದ ನೀರು ಮತ್ತೆ ಬೇಗ ತುಂಬುವುದು
• ರಕ್ತವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ

ಮಂಕು ಮತ್ತು ಅಸಂಬದ್ಧ ಮಾತಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಮನೆಯವರು ಇದನ್ನು ವಯಸ್ಸಿನ ಮರೆವೆಂದೋ, ಗಾಳಿ ಸೋಕಿದ್ದೆಂದೋ ತಿಳಿದು ದಿನಗಳನ್ನು ಕಳೆಯುವುದುಂಟು. ಯಕೃತ್ತಿನ ರೋಗಿಯ ಬುದ್ಧಿ ಮಸುಕಾದರೆ ಅದಕ್ಕೆ ಒಂದು ಕಾರಣ ಹುಡುಕಲೇಬೇಕು. ಆ ಕಾರಣಗಳಲ್ಲಿ ಸೋಂಕು ಮುಖ್ಯವಾದುದು.

ಒಂದು ಸಿರಿಂಜಿನ ಪರೀಕ್ಷೆ

ಈ ಸೋಂಕನ್ನು ನಾಡಿ ಹಿಡಿದು, ಹೊಟ್ಟೆ ಒತ್ತಿ, ಸ್ಕ್ಯಾನ್ ಮಾಡಿ ಖಚಿತಪಡಿಸಲು ಬಾರದು. ಹೊಟ್ಟೆಯ ನೀರನ್ನು ಸ್ವಲ್ಪ ತೆಗೆದು ಪರೀಕ್ಷಿಸುವುದೊಂದೇ ದಾರಿ. ಚರ್ಮವನ್ನು ಶುಚಿಗೊಳಿಸಿ, ಆ ಜಾಗವನ್ನು ಮರಗಟ್ಟಿಸಿ, ಸಿರಿಂಜಿನಿಂದ 30ರಿಂದ 50 ಮಿಲಿಲೀಟರ್ ನೀರು ತೆಗೆದರೆ ಸಾಕು. ಆ ನೀರಿನ ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೋಂಕಿದೆಯೆಂದೇ ಪರಿಗಣಿಸಿ ಚಿಕಿತ್ಸೆ ಆರಂಭಿಸುತ್ತಾರೆ. ಈ ಎಣಿಕೆಗೆ ಭಾರಿ ಯಂತ್ರಗಳು ಬೇಕಿಲ್ಲ. ಸೂಕ್ಷ್ಮದರ್ಶಕವಿರುವ ಯಾವ ಜಿಲ್ಲಾ ಆಸ್ಪತ್ರೆಯಲ್ಲಾದರೂ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಸಿಗುತ್ತದೆ.

ಇದರೊಂದಿಗೆ ರೋಗಿಯ ಹಾಸಿಗೆಯ ಬಳಿಯಲ್ಲೇ ಕನಿಷ್ಠ 10 ಮಿಲಿಲೀಟರ್ ನೀರನ್ನು ಕಲ್ಚರ್ ಬಾಟಲಿಗಳಿಗೆ ಹಾಕಿ ಬ್ಯಾಕ್ಟೀರಿಯಾವನ್ನು ಬೆಳೆಸಲು ಕಳುಹಿಸುತ್ತಾರೆ. ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ಅದರಿಂದ ತಿಳಿಯುತ್ತದೆ. ಆದರೆ ಸೋಂಕಿರುವ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರಬಹುದು. ಕಣಗಳ ಎಣಿಕೆ ಹೆಚ್ಚಿದ್ದರೆ ಕಲ್ಚರ್ ವರದಿಗಾಗಿ ಕಾಯುವಂತಿಲ್ಲ. ಮೊದಲ ಬಾರಿ ನೀರು ತೆಗೆದಾಗಿನ ಪರೀಕ್ಷೆಗಳಿಂದ ಇನ್ನೊಂದು ಪ್ರಯೋಜನವೂ ಉಂಟು: ಹೊಟ್ಟೆಯ ನೀರೆಲ್ಲ ಯಕೃತ್ತಿನದೇ ಆಗಿರಬೇಕೆಂದಿಲ್ಲ, ಕ್ಷಯ, ಹೃದ್ರೋಗ, ಕ್ಯಾನ್ಸರ್‌ಗಳಲ್ಲೂ ನೀರು ತುಂಬಬಹುದು.

ಸಿರೋಸಿಸ್‌ನಿಂದ ಜಲೋದರವಿರುವ ರೋಗಿ ಯಾವ ಕಾರಣಕ್ಕೇ ಆಸ್ಪತ್ರೆ ಸೇರಲಿ, ಅವನ ಹೊಟ್ಟೆಯ ನೀರನ್ನು ಪರೀಕ್ಷಿಸಬೇಕೆಂಬುದು ವೈದ್ಯಲೋಕ ಒಪ್ಪಿರುವ ನಿಯಮ. 12 ಗಂಟೆಗಳೊಳಗೆ ಪರೀಕ್ಷೆಯಾದವರಿಗೆ ಹೋಲಿಸಿದರೆ ತಡವಾದವರಲ್ಲಿ ಸಾವಿನ ಪ್ರಮಾಣ ಎರಡು ಪಟ್ಟಿಗೂ ಮೀರಿತ್ತೆಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ‘ಹೊಟ್ಟೆಯ ನೀರಿನ ಕಣಗಳ ಎಣಿಕೆ ಆಯಿತೇ?’ ಎಂದು ವೈದ್ಯರನ್ನು ವಿನಯದಿಂದ ಕೇಳಲು ಮನೆಯವರು ಹಿಂಜರಿಯಬಾರದು.

‘ಒಮ್ಮೆ ಸೂಜಿ ಹಾಕಿದರೆ ನೀರು ಮತ್ತಷ್ಟು ಬೇಗ ತುಂಬುತ್ತದೆ’ ಎಂಬ ಭಯ ಅನೇಕರಲ್ಲಿದೆ. ನೀರು ಮತ್ತೆ ತುಂಬುವುದು ಯಕೃತ್ತಿನ ರೋಗದಿಂದ ಮತ್ತು ಉಪ್ಪಿನಿಂದ, ಸೂಜಿಯಿಂದಲ್ಲ. ನುರಿತವರು ಮಾಡಿದಾಗ ಗಂಭೀರ ರಕ್ತಸ್ರಾವವಾಗುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಇದನ್ನು ಆಸ್ಪತ್ರೆಯಲ್ಲೇ ಮಾಡಿಸಬೇಕು. ಮನೆಗೆ ಬಂದು ನೀರು ತೆಗೆಯುತ್ತೇವೆನ್ನುವವರಿಗೆ ಶರೀರವನ್ನು ಒಪ್ಪಿಸಬಾರದು.

ಆಸ್ಪತ್ರೆಯ ಚಿಕಿತ್ಸೆ

ಚಿಕಿತ್ಸೆಗೆ ಎರಡು ಮುಖ್ಯ ಅಂಗಗಳು. ಮೊದಲನೆಯದು ಸಿರೆಯ ಮೂಲಕ ಕೊಡುವ ಆ್ಯಂಟಿಬಯಾಟಿಕ್. ಸೆಫೊಟ್ಯಾಕ್ಸಿಮ್ ಅಥವಾ ಸೆಫ್ಟ್ರಿಯಾಕ್ಸೋನ್ ಎಂಬ ಔಷಧಗಳನ್ನು ಸಾಮಾನ್ಯವಾಗಿ ಐದರಿಂದ ಏಳು ದಿನ ಕೊಡುತ್ತಾರೆ. ಹಿಂದೆ ಹಲವು ಬಾರಿ ಆ್ಯಂಟಿಬಯಾಟಿಕ್ ಪಡೆದವರಲ್ಲಿ, ಆಸ್ಪತ್ರೆಯಲ್ಲಿದ್ದಾಗಲೇ ಸೋಂಕು ತಗುಲಿದವರಲ್ಲಿ ಈ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿರಬಹುದು. ನಮ್ಮ ದೇಶದಲ್ಲಿ ಈ ಸಮಸ್ಯೆ ಹೆಚ್ಚು. ಅಂಥವರಿಗೆ ವೈದ್ಯರು ಇನ್ನೂ ಪ್ರಬಲವಾದ ಔಷಧವನ್ನು ಆರಿಸುತ್ತಾರೆ. ಸುಮಾರು 48 ಗಂಟೆಗಳ ನಂತರ ಮತ್ತೆ ನೀರು ತೆಗೆದು ಕಣಗಳ ಸಂಖ್ಯೆ ಇಳಿದಿದೆಯೇ ಎಂದು ನೋಡುತ್ತಾರೆ. ಇಳಿಯದಿದ್ದರೆ ಔಷಧ ಬದಲಿಸಬೇಕು, ಅಥವಾ ಕರುಳಿನಲ್ಲಿ ತೂತಾಗಿದೆಯೇ ಎಂದು ಶೋಧಿಸಬೇಕು.

ಎರಡನೆಯದು ಆಲ್ಬುಮಿನ್. ಈ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಸತ್ತರೂ ಮೂತ್ರಪಿಂಡ ಕೈಕೊಟ್ಟು ರೋಗಿ ತೀರಿಕೊಳ್ಳುವುದುಂಟು. ಸ್ಪೇನ್ ದೇಶದ ವೈದ್ಯರು 126 ರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ ಮಾತ್ರ ಪಡೆದವರಲ್ಲಿ ನೂರಕ್ಕೆ 33 ಜನರಿಗೆ ಮೂತ್ರಪಿಂಡದ ತೊಂದರೆಯಾಯಿತು. ಆಲ್ಬುಮಿನ್ ಕೂಡ ಪಡೆದವರಲ್ಲಿ ಅದು 10ಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಸಂಭವಿಸಿದ ಸಾವು ಶೇಕಡ 29ರಿಂದ 10ಕ್ಕೆ ಇಳಿಯಿತು. ಆ ಅಧ್ಯಯನದ ಕ್ರಮವನ್ನೇ ಇಂದಿಗೂ ಅನುಸರಿಸುತ್ತಾರೆ: ಮೊದಲ ದಿನ ಪ್ರತಿ ಕಿಲೋ ತೂಕಕ್ಕೆ ಒಂದೂವರೆ ಗ್ರಾಂ, ಮೂರನೆಯ ದಿನ ಒಂದು ಗ್ರಾಂ. 60 ಕಿಲೋ ತೂಕದವರಿಗೆ ಮೊದಲ ದಿನವೇ 90 ಗ್ರಾಂ, ಅಂದರೆ 20 ಗ್ರಾಮಿನ ನಾಲ್ಕೈದು ಬಾಟಲಿ ಬೇಕಾಗುತ್ತದೆ. ಇದು ದುಬಾರಿ. ‘ಶಕ್ತಿಯ ಬಾಟಲಿ ತಾನೇ, ಒಂದು ಹಾಕಿಸಿದರೆ ಸಾಕು’ ಎಂದು ಬಂಧುಗಳು ಅರ್ಧಕ್ಕೆ ನಿಲ್ಲಿಸುವುದುಂಟು. ಈ ಸೋಂಕಿನಲ್ಲಿ ಆಲ್ಬುಮಿನ್ ಶಕ್ತಿವರ್ಧಕವಲ್ಲ, ಮೂತ್ರಪಿಂಡವನ್ನು ಕಾಯುವ ಔಷಧ. ಬಡ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊರೆಯುವ ನೆರವನ್ನು ಆಸ್ಪತ್ರೆಯಲ್ಲಿ ಮೊದಲ ದಿನವೇ ವಿಚಾರಿಸಬೇಕು.

ಆಯುರ್ವೇದದ ಸ್ಥಾನ

ಆಯುರ್ವೇದದ ವೈದ್ಯನಾಗಿ ಈ ಮಾತನ್ನು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ. ಹೊಟ್ಟೆಯ ನೀರಿಗೆ ಸೋಂಕು ತಗುಲಿದ ಶಂಕೆಯಿದ್ದಾಗ ಕಷಾಯ, ಚೂರ್ಣ, ಲೇಪಗಳಿಂದ ಕಾಲ ಕಳೆಯಬಾರದು. ಉದರರೋಗಕ್ಕೆ ವಿರೇಚನವನ್ನು ಸಂಹಿತೆಗಳು ಮುಖ್ಯ ಚಿಕಿತ್ಸೆಯಾಗಿ ಹೇಳಿವೆ. ದುರ್ಬಲನಿಗೆ ಅದು ಸಲ್ಲದೆಂದೂ ಅವೇ ಹೇಳಿವೆ. ಸೋಂಕಿನಿಂದ ರಕ್ತದೊತ್ತಡ ಕುಸಿಯುತ್ತಿರುವವನಿಗೆ ಭೇದಿ ಮಾಡಿಸಿದರೆ ಶರೀರದ ನೀರು ಬತ್ತಿ ಮೂತ್ರಪಿಂಡಗಳು ನಿಂತುಹೋಗುತ್ತವೆ. ರೋಗಬಲವನ್ನೂ ರೋಗಿಬಲವನ್ನೂ ನೋಡಿ ಚಿಕಿತ್ಸೆ ಮಾಡುವವನೇ ವೈದ್ಯ.

ಗಿಡಮೂಲಿಕೆಯೆಂದ ಮಾತ್ರಕ್ಕೆ ಯಕೃತ್ತಿಗೆ ನಿರಪಾಯವೆಂದು ತಿಳಿಯಬಾರದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸ್ವತಃ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದದ್ದನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ನಿರ್ಣಯವನ್ನು ಒಪ್ಪಲಿಲ್ಲ. ಚರ್ಚೆ ಏನೇ ಇರಲಿ, ಯಕೃತ್ತು ಈಗಾಗಲೇ ಗಟ್ಟಿಯಾಗಿರುವವರು ಯಾವ ಬೇರನ್ನೂ, ಭಸ್ಮವನ್ನೂ ನೆರೆಯವರ ಮಾತಿಗೆ ಸೇವಿಸಬಾರದು. ಸೇವಿಸುತ್ತಿದ್ದರೆ ಆಸ್ಪತ್ರೆಯ ವೈದ್ಯರಿಂದ ಮುಚ್ಚಿಡಬಾರದು. ಪಥ್ಯ, ದಿನಚರ್ಯೆ, ವ್ಯಸನತ್ಯಾಗಗಳನ್ನು ಕಲಿಸುವುದರಲ್ಲಿ ಆಯುರ್ವೇದದ ಬಲವಿದೆ.

ಸೋಂಕನ್ನು ತಡೆಯುವ ಕ್ರಮಗಳು

ಮೊದಲನೆಯದು ಮದ್ಯತ್ಯಾಗ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿ, ಧನಧಾನ್ಯದ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜಲೋದರ ಬಂದ ಮೇಲೂ ಮದ್ಯ ಬಿಟ್ಟವರಲ್ಲಿ ಯಕೃತ್ತು ಚೇತರಿಸಿಕೊಂಡು ನೀರು ಇಳಿಯುವುದುಂಟು. ಬಹುಕಾಲ ನಿತ್ಯ ಕುಡಿದವರು ಹಠಾತ್ತನೆ ಬಿಟ್ಟಾಗ ನಡುಕ, ಭ್ರಮೆ, ಸೆಳವು ಬರಬಹುದಾದ್ದರಿಂದ ವೈದ್ಯರ ನಿಗಾದಲ್ಲಿ ಬಿಡಬೇಕು.

ಎರಡನೆಯದು ಆಹಾರ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಾಕು. ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವ ವಾಡಿಕೆ ಇಲ್ಲದಿರುವುದು ಅನುಕೂಲವೇ. ಉಪ್ಪು ಬರುವುದು ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಸಂಡಿಗೆಗಳಿಂದ. ಅಂಗಡಿಯಲ್ಲಿ ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀರಿಳಿಸುವ ಕೆಲವು ಮಾತ್ರೆಗಳ ಜೊತೆಗೆ ಅದು ಅಪಾಯಕಾರಿ. ಉಪ್ಪನ್ನು ಕಡಿಮೆ ಮಾಡಬೇಕೇ ಹೊರತು ಊಟವನ್ನಲ್ಲ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಸಸಾರಜನಕ ಬೇಕು. ಬೇಳೆ, ಹೆಸರುಕಾಳು, ಮಡಕೆಕಾಳು, ಹಾಲು, ಮೊಸರುಗಳನ್ನು ಪ್ರತಿ ಊಟದಲ್ಲೂ ಸೇರಿಸಬೇಕು. ಸ್ನಾಯು ಕರಗಿದ ರೋಗಿಯನ್ನು ಸೋಂಕು ಬೇಗ ಹಿಡಿಯುತ್ತದೆ.

ಈ ಕಾರಣಕ್ಕಾಗಿಯೇ ಸಿರೋಸಿಸ್ ರೋಗಿಗಳು ಸೋಮವಾರದ ಉಪವಾಸ, ಮಹಾಶಿವರಾತ್ರಿಯ ನಿರಾಹಾರ ಜಾಗರಣೆಗಳನ್ನು ಮಾಡಬಾರದು. ದಣಿದ ಯಕೃತ್ತು ಒಂದು ರಾತ್ರಿಯ ಹಸಿವನ್ನೂ ತಾಳಲಾರದೆ ಸ್ನಾಯುಗಳನ್ನು ಕರಗಿಸತೊಡಗುತ್ತದೆ. ಮಲಗುವ ಮುನ್ನ ಒಂದು ಲೋಟ ಹಾಲಿನೊಂದಿಗೆ ರೊಟ್ಟಿ ಅಥವಾ ಗಂಜಿ ತೆಗೆದುಕೊಳ್ಳಬೇಕು. ಲಿಂಗಪೂಜೆಯನ್ನು ಬೆಳಿಗ್ಗೆ ಬೇಗ ಮುಗಿಸಿ ಪ್ರಸಾದ ಸ್ವೀಕರಿಸಿದರೆ ನಿಷ್ಠೆಗೆ ಕುಂದೇನೂ ಬರುವುದಿಲ್ಲ. ಕುಡಿಯುವ ನೀರು, ಪಾದೋದಕದ ನೀರು ಕುದಿಸಿ ಆರಿಸಿದ್ದಾಗಿರಲಿ.

ಮೂರನೆಯದು ಔಷಧಗಳ ಎಚ್ಚರ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಕರ. ಪ್ಯಾಂಟೊಪ್ರಜೋಲ್‌ನಂಥ ‘ಗ್ಯಾಸ್ ಮಾತ್ರೆ’ಗಳನ್ನು ಕಾರಣವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯ ಆಮ್ಲ ಕುಗ್ಗಿ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸೋಂಕಿನ ಸಂಭವವೂ ಹೆಚ್ಚುತ್ತದೆ. ಅವು ನಿಜವಾಗಿ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಹೆಪಟೈಟಿಸ್ ಎ ಮತ್ತು ಬಿ, ನ್ಯುಮೋನಿಯಾ, ಫ್ಲೂ ಲಸಿಕೆಗಳ ಬಗ್ಗೆಯೂ ವಿಚಾರಿಸಬೇಕು.

ನಾಲ್ಕನೆಯದು ತಡೆ ಔಷಧ. ಒಮ್ಮೆ ಈ ಸೋಂಕು ಬಂದು ಗುಣವಾದವರಿಗೆ ಅದು ಮರುಕಳಿಸುವ ಸಂಭವ ಬಹಳ. 1990ರ ಒಂದು ಅಧ್ಯಯನದಲ್ಲಿ ಔಷಧವಿಲ್ಲದವರಲ್ಲಿ ಒಂದು ವರ್ಷದೊಳಗೆ ಶೇಕಡ 68 ಜನರಿಗೆ ಮರುಕಳಿಸಿದರೆ, ದಿನಕ್ಕೆ 400 ಮಿಲಿಗ್ರಾಂ ನಾರ್ಫ್ಲಾಕ್ಸಸಿನ್ ಪಡೆದವರಲ್ಲಿ ಅದು 20ಕ್ಕೆ ಇಳಿದಿತ್ತು. ಆದ್ದರಿಂದ ಗುಣವಾದವರಿಗೆ ಇಂಥ ಮಾತ್ರೆಯನ್ನು ದೀರ್ಘಕಾಲ ಕೊಡುತ್ತಾರೆ. ‘ಈಗ ಚೆನ್ನಾಗಿದ್ದೇನೆ’ ಎಂದು ಅದನ್ನು ತಾವಾಗಿ ನಿಲ್ಲಿಸಬಾರದು. ರಕ್ತವಾಂತಿಯಾದವರಿಗೂ ಆಸ್ಪತ್ರೆಯಲ್ಲಿ ಕೆಲವು ದಿನ ತಡೆ ಆ್ಯಂಟಿಬಯಾಟಿಕ್ ಅಗತ್ಯ. ಜಲೋದರವಿರುವ ಎಲ್ಲರಿಗೂ ಇದು ಬೇಕಿಲ್ಲ. ಅಂಗಡಿಯಿಂದ ತಾವೇ ತಂದು ನುಂಗಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸಿದಂತಾಗುತ್ತದೆ.

ಯಕೃತ್ತಿನ ಕಸಿ ಮತ್ತು ಅಂಗದಾನ

ಸೋಂಕು ಗುಣವಾಯಿತೆಂದರೆ ರೋಗ ಗುಣವಾಯಿತೆಂದಲ್ಲ. ಯಕೃತ್ತು ತೀರಾ ಬಳಲಿದೆಯೆಂಬುದಕ್ಕೆ ಈ ಸೋಂಕೇ ಗುರುತು. ಹೀಗೆ ಗುಣವಾದವರಲ್ಲಿ ಒಂದು ವರ್ಷದ ನಂತರ ಉಳಿದಿರುವವರು ನೂರರಲ್ಲಿ 30ರಿಂದ 50 ಜನ ಮಾತ್ರ. ಆದ್ದರಿಂದ ಮನೆಗೆ ಮರಳುವ ಮುನ್ನವೇ ಯಕೃತ್ತಿನ ಕಸಿಯ ವಿಚಾರವನ್ನು ತಜ್ಞರೊಂದಿಗೆ ಮಾತನಾಡಬೇಕು. ರಕ್ತಸಂಬಂಧಿಗಳು ಯಕೃತ್ತಿನ ಒಂದು ಭಾಗವನ್ನು ಕೊಡಬಹುದು. ಅಥವಾ ಮಿದುಳು ನಿಷ್ಕ್ರಿಯಗೊಂಡವರ ಕುಟುಂಬ ದಾನ ಮಾಡಿದ ಯಕೃತ್ತನ್ನು ಪಡೆಯಬಹುದು. ನಮ್ಮ ರಾಜ್ಯದಲ್ಲಿ ಮೃತರ ಅಂಗದಾನವನ್ನು ‘ಜೀವಸಾರ್ಥಕತೆ’ ಸಂಸ್ಥೆ ನಿರ್ವಹಿಸುತ್ತದೆ. ಅಂಗದಾನವಾದರೆ ಸಮಾಧಿ ಕ್ರಿಯೆಗೆ ಭಂಗ ಬರುತ್ತದೆಯೇ ಎಂದು ಭಕ್ತರು ಕೇಳುವುದುಂಟು. ಶಸ್ತ್ರಕ್ರಿಯೆಯ ನಂತರ ಶರೀರವನ್ನು ಹೊಲಿದು, ಗೌರವದಿಂದ ಕುಟುಂಬಕ್ಕೆ ಒಪ್ಪಿಸುತ್ತಾರೆ. ವಿಭೂತಿ ಧಾರಣೆ ಮಾಡಿ, ಕುಳ್ಳಿರಿಸಿ ಸಮಾಧಿ ಮಾಡಲು ಯಾವ ಅಡ್ಡಿಯೂ ಇಲ್ಲ. ದಾಸೋಹವನ್ನು ಧರ್ಮವೆಂದು ನಂಬಿದ ನಮಗೆ ಇದಕ್ಕಿಂತ ಮಿಗಿಲಾದ ದಾಸೋಹ ಯಾವುದಿದೆ?

ಜಲೋದರದ ರೋಗಿಯಿರುವ ಮನೆಯಲ್ಲಿ ಒಂದು ಥರ್ಮಾಮೀಟರ್, ಒಂದು ತೂಕದ ಯಂತ್ರ, ಹಳೆಯ ವರದಿಗಳ ಒಂದು ಕಡತ ಸದಾ ಸಿದ್ಧವಿರಲಿ. ಜ್ವರ, ಹೊಟ್ಟೆನೋವು, ಮಂಕು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಮುಂದೂಡದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಅಲ್ಲಿ ಹೊಟ್ಟೆಯ ನೀರಿನ ಪರೀಕ್ಷೆಯನ್ನು ಕೇಳಿ ಮಾಡಿಸಿ. ಎಲ್ಲರಿಗೂ ಆಯುರಾರೋಗ್ಯ ಲಭಿಸಲೆಂದು ಹಾರೈಸುತ್ತೇನೆ.